ಕಾರಕೂನನ ಕಟ್ಟೆ: ಅರ್ಜಿ ಹಾಕದವನ ಹಕ್ಕು



ನವೆಂಬರ್ ತಿಂಗಳ ಒಂದನೆಯ ತಾರೀಖು ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಿಗೆಲ್ಲ ಹಬ್ಬ. ತಾಯಿ ಭುವನೇಶ್ವರಿಯ ಪಟಕ್ಕೆ ಮಾಲೆ, ಮಕ್ಕಳ ಕುಣಿತ, ಊರಿನಿಂದ ಬಂದ ಅತಿಥಿಗಳ ಭಾಷಣ, ಕಡೆಗೆ ಉಪ್ಪಿಟ್ಟು, ಕೇಸರಿಬಾತು. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರ ಆ ದಿನ ಒಂದುಗೂಡಿ ವಿಶಾಲ ಮೈಸೂರು ರಾಜ್ಯವಾದುದನ್ನು ನಾವು ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ಅದೇ ದಿನ ಇನ್ನೊಂದು ಕೂಸೂ ಹುಟ್ಟಿತು. ಅದಕ್ಕೆ ಯಾವ ಸಂಘವೂ ತೊಟ್ಟಿಲು ತೂಗಿದ್ದನ್ನು ನಾನಂತೂ ಕಾಣೆ.

ಆ ಕೂಸು ಯಾವುದೆಂದರೆ, ನಮ್ಮ ಸಂವಿಧಾನದ 350ಎ ಮತ್ತು 350ಬಿ ಎಂಬ ಎರಡು ಅನುಚ್ಛೇದಗಳು. ಏಳನೆಯ ತಿದ್ದುಪಡಿಯ ಮೂಲಕ ಇವು ಸಂವಿಧಾನದೊಳಗೆ ಬಂದವು, 1956ರ ನವೆಂಬರ್ 1ರಿಂದಲೇ ಜಾರಿಯಾದವು. ಗಡಿಯ ಗೆರೆ ಎಳೆದಾಗ ಒಳಗೆ ಬಿದ್ದವರಿಗೆ ರಾಜ್ಯ ಸಿಕ್ಕಿತು. ಹೊರಗುಳಿದವರಿಗೆ ಸಿಕ್ಕಿದ್ದು ಈ ಎರಡು ಅನುಚ್ಛೇದಗಳು. ಮುಂಬಯಿ, ಪುಣೆ, ಸೊಲ್ಲಾಪುರ, ಮದರಾಸು, ಹೈದರಾಬಾದುಗಳಲ್ಲಿ ಅನ್ನ ಹುಡುಕಿಕೊಂಡ ನಮಗೆ ಇದೇ ಪಾಲಿನ ಆಸ್ತಿ. ಆಸ್ತಿಯ ಪತ್ರವನ್ನು ಒಮ್ಮೆಯಾದರೂ ಬಿಚ್ಚಿ ಓದಬೇಡವೇ? ಈ ತ್ರೈಮಾಸಿಕದ ಕಟ್ಟೆಯ ಮಾತು ಅದೇ.

350ಎ ಹೇಳುವುದಿಷ್ಟು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸಲು ಸಾಕಷ್ಟು ಅನುಕೂಲಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ, ಅಲ್ಲಿಯ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. 350ಬಿ ಹೇಳುವುದು: ಇಂಥವರ ರಕ್ಷಣೆಗೆಂದು ರಾಷ್ಟ್ರಪತಿಗಳು ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸತಕ್ಕದ್ದು, ಆತ ತನಿಖೆ ಮಾಡಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸತಕ್ಕದ್ದು, ಆ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರತಕ್ಕದ್ದು, ಸಂಬಂಧಪಟ್ಟ ರಾಜ್ಯಗಳಿಗೂ ಹೋಗತಕ್ಕದ್ದು. ಈ ಅಧಿಕಾರಿಗೇ ಭಾಷಾ ಅಲ್ಪಸಂಖ್ಯಾತರ ಕಮಿಷನರ್ ಎಂದು ಹೆಸರು.

ಇದರ ಹಿಂದಿನ ಕಥೆಯೂ ತಿಳಿದಿರುವುದು ಲೇಸು. ಫಜಲ್ ಅಲಿ, ಹೃದಯನಾಥ ಕುಂಜ್ರು, ಸರ್ದಾರ್ ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿ ಒಪ್ಪಿಸಿತು. ಗೆರೆಯನ್ನು ಎಷ್ಟೇ ಜಾಣತನದಿಂದ ಎಳೆದರೂ ಎರಡೂ ಕಡೆ ಬೇರೆ ಮಾತಿನವರು ಉಳಿಯುವರೆಂಬುದನ್ನು ಆ ಮಹನೀಯರು ಚೆನ್ನಾಗಿ ಬಲ್ಲವರಾಗಿದ್ದರು. ಇಂಥವರ ರಕ್ಷಣೆಯ ಹೊಣೆಯನ್ನು ರಾಜ್ಯಪಾಲರಿಗೆ ವಹಿಸಬೇಕೆಂಬುದು ಅವರ ಸೂಚನೆ. ಕೇಂದ್ರ ಸರಕಾರ ಅದನ್ನು ಒಪ್ಪದೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಆಗ ಇದ್ದ ಕಮಿಷನರರ ಮಾದರಿಯಲ್ಲೇ ಪ್ರತ್ಯೇಕ ಅಧಿಕಾರಿಯೊಬ್ಬರಿರಲಿ ಎಂದಿತು. ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಬಿ. ಮಲಿಕ್ ಅವರು ಮೊದಲ ಕಮಿಷನರರಾಗಿ 1957ರ ಜುಲೈ 30ರಂದು ಅಧಿಕಾರ ವಹಿಸಿಕೊಂಡರು. ಬಹುಕಾಲ ಅಲಹಾಬಾದಿನಲ್ಲಿದ್ದ ಈ ಕಚೇರಿ ಆಮೇಲೆ ದೆಹಲಿಗೆ ಬಂತು. ಬೆಳಗಾವಿ, ಚೆನ್ನೈ, ಕಲ್ಕತ್ತೆಗಳಲ್ಲಿ ಪ್ರಾದೇಶಿಕ ಕಚೇರಿಗಳಾದವು. ಬೆಳಗಾವಿಯಲ್ಲಿ ಎಂಬುದನ್ನು ನೆನಪಿನಲ್ಲಿಡಿ. ಆ ಮಾತಿಗೆ ಮುಂದೆ ಬರುತ್ತೇನೆ.

ಇನ್ನು ರಕ್ಷಣೆಗಳೆಂದರೆ ಯಾವುವು? ಬರಿಯ ಸದಾಶಯವಾದರೆ ಅದನ್ನು ನಮ್ಮಂಥ ಕಾರಕೂನರು ಕಡತದಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಒದ್ದಾಡುತ್ತೇವೆ. ಅದೃಷ್ಟಕ್ಕೆ ಇಲ್ಲಿ ಅಂಕಿಗಳುಂಟು. 1949ರ ಪ್ರಾಂತೀಯ ವಿದ್ಯಾಮಂತ್ರಿಗಳ ಸಮ್ಮೇಳನ, 1956ರ ಕೇಂದ್ರದ ಜ್ಞಾಪನಪತ್ರ, 1961ರ ಮುಖ್ಯಮಂತ್ರಿಗಳ ಸಮ್ಮೇಳನ ಇವುಗಳಲ್ಲಿ ಒಪ್ಪಿಕೊಂಡ ಮಾತುಗಳು ಇವು. ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದು ಅಲ್ಪಸಂಖ್ಯಾತ ಭಾಷೆಯ 40 ಮಕ್ಕಳಿದ್ದರೆ, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ, ಆ ಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ಕೊಡಬೇಕು. ಪ್ರೌಢ ಹಂತದಲ್ಲಿ ಮೇಲಿನ ನಾಲ್ಕು ತರಗತಿಗಳಲ್ಲಿ ಒಟ್ಟು 60, ತರಗತಿಗೆ 15 ಎಂಬ ಲೆಕ್ಕ. ಶಾಲೆ ತೆರೆಯುವ ಮುಂಚೆಯೇ ಇಂಥ ಮಕ್ಕಳ ಹೆಸರುಗಳನ್ನು ದಾಖಲು ಮಾಡಿಕೊಳ್ಳಲು ಒಂದು ಮುಂಗಡ ರಿಜಿಸ್ಟರು ಇಡಬೇಕು. ಒಂದು ತಾಲ್ಲೂಕಿನಲ್ಲೋ ಪುರಸಭೆಯಲ್ಲೋ ನೂರಕ್ಕೆ 15ರಷ್ಟು ಜನ ಆ ಭಾಷೆಯವರಿದ್ದರೆ ಮುಖ್ಯವಾದ ಸರಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಹೊರಡಬೇಕು. ರಾಜ್ಯದ ನೌಕರಿಗೆ ಸೇರುವಾಗಲೇ ರಾಜ್ಯಭಾಷೆ ಬರಬೇಕೆಂದು ಪಟ್ಟು ಹಿಡಿಯಬಾರದು. ಸೇರಿದ ಮೇಲೆ, ಪ್ರೊಬೇಷನ್ ಮುಗಿಯುವುದರೊಳಗೆ, ಪರೀಕ್ಷೆ ಮಾಡಿದರಾಯಿತು.

ಇವುಗಳಲ್ಲಿ ಹದಿನೈದರ ಲೆಕ್ಕ ಗಡಿಯ ತಾಲ್ಲೂಕುಗಳಿಗೆ ಹೇಳಿ ಮಾಡಿಸಿದ್ದು. ಮಹಾನಗರದಲ್ಲಿ ನಮ್ಮ ಸಂಖ್ಯೆ ಆ ಪ್ರಮಾಣವನ್ನು ಮುಟ್ಟಲಾರದು. 2011ರ ಜನಗಣತಿಯಲ್ಲಿ ಇಡೀ ಮಹಾರಾಷ್ಟ್ರದಲ್ಲಿ ಕನ್ನಡ ತಾಯಿನುಡಿಯವರು ಸುಮಾರು 10 ಲಕ್ಷ. ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದೂ ತುಂಬದು. ನಗರದಲ್ಲಿರುವ ನಮಗೆ ಬೇಕಾದ್ದು ನಲವತ್ತರ ಮತ್ತು ಹತ್ತರ ಲೆಕ್ಕ. ಮುಂಬಯಿಯ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಜತೆಗೆ ಕನ್ನಡದಲ್ಲೂ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಬ್ಯಾಂಕು ಕಚೇರಿಗಳ ಮೇಜಿಗೆ ಏರಿದ ಹುಡುಗರು ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲೇ ಎಷ್ಟೋ ಮಂದಿ ಇದ್ದಾರೆ. ಆದ್ದರಿಂದ ತರಗತಿಯೊಂದು ಮುಚ್ಚಿತೆಂದರೆ ಕುರ್ಚಿ ಬೆಂಚುಗಳ ಲೆಕ್ಕವಷ್ಟೇ ಮುಗಿಯುವುದಿಲ್ಲ. ಯಾರದೋ ಮಗುವಿನ ಏಣಿಯ ಮೊದಲ ಮೆಟ್ಟಿಲೇ ಹೋಗುತ್ತದೆ.

ಈಚೆಗೆ ನಮ್ಮ ವಠಾರದ ನಿವೃತ್ತ ಮಾಸ್ತರರು, ಧಾರವಾಡ ಕಡೆಯವರು, ನನ್ನನ್ನು ಜಿನೆಯಲ್ಲಿ ತಡೆದು ಕೇಳಿದರು:

"ಏನಪ್ಪಾ ತಮ್ಮಾ, ನೀ ಸರಕಾರಿ ಮನಷ್ಯಾ. ಕನ್ನಡ ಕ್ಲಾಸು ಮುಚ್ಚತೀನಿ ಅಂದ್ರ ಮಾನವ ಹಕ್ಕು ಆಯೋಗಕ್ಕ ಬರದ್ರ ಹೆಂಗ?"

"ಬರೆಯಬಹುದು ಮಾಸ್ತರರೇ. ಆದರೆ ಆ ಬಾಗಿಲು ಬೇರೆ, ಈ ಬಾಗಿಲು ಬೇರೆ. ಮೊದಲು ಈ ಬಾಗಿಲು ತಟ್ಟಬೇಕು" ಎಂದೆ.

"ಎರಡಕ್ಕೂ ಏನು ಫರಕು, ಅದನ್ನರೆ ಬಿಡಿಸಿ ಹೇಳು" ಎಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾದದ್ದು 1993ರ ಅಕ್ಟೋಬರ್ 12ರಂದು, ಅದೇ ವರ್ಷದ ಕಾಯಿದೆಯ ಪ್ರಕಾರ. ಬೆಂಗಳೂರಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ಅದರ ಎರಡನೆಯ ಅಧ್ಯಕ್ಷರಾಗಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆ ಇವುಗಳಿಗೆ ಸಂಬಂಧಿಸಿದ ಹಕ್ಕುಗಳು ಅದರ ವ್ಯಾಪ್ತಿ. ಪೊಲೀಸ್ ಠಾಣೆಯಲ್ಲಿ ಒಬ್ಬ ಸತ್ತರೆ 24 ಗಂಟೆಗಳೊಳಗೆ ತನಗೆ ವರದಿ ಬರಬೇಕೆಂದು ಅದು 1993ರ ಡಿಸೆಂಬರಿನಲ್ಲೇ ಅಪ್ಪಣೆ ಮಾಡಿತು. ಸಾಕ್ಷಿಗಳನ್ನು ಕರೆಸುವ, ಕಾಗದಪತ್ರ ತರಿಸುವ ವಿಷಯದಲ್ಲಿ ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರವುಂಟು. ಪರಿಹಾರ ಕೊಡಿರೆಂದು ಸರಕಾರಕ್ಕೆ ಶಿಫಾರಸು ಮಾಡಬಹುದು, ಬೇಕಾದರೆ ಸುಪ್ರೀಮ್ ಕೋರ್ಟಿಗೆ ಹೋಗಬಹುದು. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರಿಗಾಗಿ ಹಾಗೆ ಹೋಗಿ, ಅವರ ಪ್ರಾಣರಕ್ಷಣೆ ರಾಜ್ಯದ ಕರ್ತವ್ಯವೆಂಬ ತೀರ್ಪು ತಂದಿತು. ಆದರೆ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಅದು ವಿಚಾರಣೆಗೆ ಕೈಹಾಕಲಾರದು. ಹಾಗೆಂದು ಕಾಯಿದೆಯೇ ಕಟ್ಟಿಹಾಕಿದೆ.

ಭಾಷಾ ಕಮಿಷನರರ ಬಳಿ ಇಂಥ ಕೋಲಿಲ್ಲ. ಸಮನ್ಸು ಇಲ್ಲ, ಪರಿಹಾರದ ಆಜ್ಞೆ ಇಲ್ಲ. ಇರುವುದು ಪತ್ರ, ಪ್ರವಾಸ, ಪ್ರಶ್ನಾವಳಿ ಮತ್ತು ವರದಿ. ಹೋಲಿಕೆಗೆ ಅವರ ಅಣ್ಣನನ್ನೇ ನೋಡಿ. ಯಾವ ಪರಿಶಿಷ್ಟರ ಕಮಿಷನರರ ಮಾದರಿಯಲ್ಲಿ ಈ ಹುದ್ದೆಯನ್ನು ಮಾಡಿದರೋ, ಆ ಹುದ್ದೆ 1990ರ 65ನೆಯ ತಿದ್ದುಪಡಿಯಿಂದ ಸಿವಿಲ್ ಕೋರ್ಟಿನ ಅಧಿಕಾರವುಳ್ಳ ರಾಷ್ಟ್ರೀಯ ಆಯೋಗವಾಯಿತು. 2003ರ 89ನೆಯ ತಿದ್ದುಪಡಿಯಿಂದ ಒಂದು ಎರಡಾಯಿತು. ಹಿಂದುಳಿದ ವರ್ಗಗಳಿಗೂ 2018ರಲ್ಲಿ ಅದೇ ಮಟ್ಟದ ಆಯೋಗ ಬಂತು. ಭಾಷಾ ಅಲ್ಪಸಂಖ್ಯಾತರ ಅಧಿಕಾರಿ ಮಾತ್ರ 1956ರಲ್ಲಿ ಬರೆದ ವಾಕ್ಯದಲ್ಲೇ ಕುಳಿತಿದ್ದಾರೆ. ಅಣ್ಣ ಬೆಳೆದು ಮನೆ ಕಟ್ಟಿದ, ತಮ್ಮ ಇನ್ನೂ ಬಾಡಿಗೆ ಕೋಣೆಯಲ್ಲಿದ್ದಾನೆ.

ಇಲ್ಲಿ ಮಾಸ್ತರರು, "ಹಂಗಾದ್ರ ಅಂಥವರಿಗೆ ಬರದು ಏನು ಉಪಯೋಗ?" ಎಂದು ನಕ್ಕರು. ಈ ನಗು ನನಗೆ ಹೊಸದಲ್ಲ; ಕಚೇರಿಯ ಈಚೆ ನಿಂತವರೆಲ್ಲ ಹೀಗೆಯೇ ನಗುತ್ತಾರೆ. ಆಚೆ ಕುಳಿತು ಕಡತ ಕಟ್ಟುವವನಿಗೆ ಮಾತ್ರ ಗೊತ್ತಿರುವ ಒಂದು ಸತ್ಯವುಂಟು. ಸರಕಾರದ ಮಟ್ಟಿಗೆ, ಕಾಗದದ ಮೇಲೆ ಬಾರದ ಕಷ್ಟ ನಡೆದೇ ಇಲ್ಲ. ತರಗತಿ ಮುಚ್ಚುವ ಟಿಪ್ಪಣಿಯಲ್ಲಿ "ಬೇಡಿಕೆ ಇಲ್ಲ" ಎಂದು ಎರಡೇ ಮಾತು ಬರೆಯುತ್ತಾರೆ. ಅದರ ಎದುರಿಗೆ ಹನ್ನೆರಡು ತಂದೆತಾಯಿಗಳ ರುಜುವಿರುವ ಒಂದು ಅರ್ಜಿ ಕಡತದಲ್ಲಿ ಇದ್ದರೆ ಯಾವ ಅಧಿಕಾರಿಯೂ ಆ ಎರಡು ಮಾತನ್ನು ಸಲೀಸಾಗಿ ಬರೆಯಲಾರ. ಇಲ್ಲದಿದ್ದರೆ ಬರೆಯುತ್ತಾನೆ, ಅದು ಸುಳ್ಳೂ ಆಗುವುದಿಲ್ಲ.

ಕಮಿಷನರರ ವರದಿಯೂ ಹಾಗೆಯೇ. 1957ರಿಂದೀಚೆಗೆ ಐವತ್ತಕ್ಕೂ ಹೆಚ್ಚು ವರದಿಗಳು ಬಂದಿವೆ. ರಾಜ್ಯಗಳು ಪ್ರಶ್ನಾವಳಿಗೆ ಉತ್ತರ ಕಳಿಸಲು ತಡ ಮಾಡುತ್ತವೆಂಬ ದೂರು ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ರಾಜ್ಯ ಹೇಳದಿದ್ದುದನ್ನು ಹೇಳಬೇಕಾದವರು ಯಾರು? ನಾವೇ. ಸಂಘಗಳು ಬರೆದರೆ ಅಧ್ಯಾಯ ತುಂಬುತ್ತದೆ, ಬರೆಯದಿದ್ದರೆ "ದೂರುಗಳು ಬಂದಿಲ್ಲ" ಎಂಬ ಸಾಲು ಬರುತ್ತದೆ. ಮುಂದೊಂದು ದಿನ ಈ ಅಧಿಕಾರಿಗೂ ಆಯೋಗದ ಬಲ ಬೇಕೆಂದು ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ, ಆ ಸಾಲನ್ನೇ ತೋರಿಸಿ ಬೇಡವೆನ್ನುವುದು ಸುಲಭ. ಅತ್ತ ಕೂಸಿಗೇ ಹಾಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಅರ್ಜಿ ಓದುವುದೇ ಕಸುಬಾದವನ ಕೆಲವು ಸೂಚನೆಗಳು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಶಾಲೆಯ ಮಾತಿನ ಜತೆಗೆ ರಂಗಮಂದಿರದ ಮಾತು ಸೇರಿಸಿದರೆ ಎರಡೂ ಕೆಡುತ್ತವೆ. ಕನ್ನಡ ತಾಯಿಯ ಕಣ್ಣೀರನ್ನು ನವೆಂಬರಿಗೆ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಶಾಲೆ ಯಾವುದು, ತರಗತಿ ಯಾವುದು, ಮಕ್ಕಳೆಷ್ಟು, ಯಾವ ತಾರೀಖಿಗೆ ಯಾರನ್ನು ಕೇಳಿದಿರಿ, ಅವರು ಏನೆಂದರು ಎಂಬುದಿರಲಿ. ಮೊದಲು ಸ್ಥಳೀಯ ಶಿಕ್ಷಣಾಧಿಕಾರಿಗೆ ಕೊಟ್ಟು ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಆ ಸಂಖ್ಯೆಯಿಲ್ಲದ ಅರ್ಜಿ ಗಾಳಿಯಲ್ಲಿ ತೂರಿದ ಹೊಟ್ಟಿನ ಹಾಗೆ. ಒಂದು ತಿಂಗಳು ಕಾದು, ಆ ಪ್ರತಿಯನ್ನು ಲಗತ್ತಿಸಿ ಕಮಿಷನರರಿಗೆ ಬರೆಯಿರಿ. ಯಾವ ರಕ್ಷಣೆ ತಪ್ಪಿತೆಂಬುದನ್ನು ಅಂಕಿಯ ಸಮೇತ ಹೇಳಿ: ಹತ್ತು, ನಲವತ್ತು, ಮುಂಗಡ ರಿಜಿಸ್ಟರು.

ಭಾಷೆಯ ಅಂಜಿಕೆ ಬೇಡ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಅರ್ಜಿ ಕೊಡಬಹುದೆಂದು 350ನೆಯ ಅನುಚ್ಛೇದವೇ ಹೇಳುತ್ತದೆ. ಆದರೂ ಕನ್ನಡದ ಜತೆಗೆ ಒಂದು ಇಂಗ್ಲಿಷ್ ಪ್ರತಿ ಇಟ್ಟರೆ ಭಾಷಾಂತರದ ನೆಪದಲ್ಲಿ ತಿಂಗಳುಗಟ್ಟಲೆ ಕೂರುವುದು ತಪ್ಪುತ್ತದೆ. ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯುಂಟು. ಕೇಂದ್ರದ ಕಚೇರಿಗಾದರೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. "ನನ್ನ ಅರ್ಜಿಯ ಮೇಲೆ ಏನು ಕ್ರಮವಾಯಿತು?" ಎಂಬ ಒಂದೇ ಪ್ರಶ್ನೆ ಸಾಕು, ಎಷ್ಟೋ ಕಡತಗಳು ನಿದ್ದೆಯಿಂದೇಳುತ್ತವೆ.

ಇಷ್ಟು ಹೇಳಿದ ಮೇಲೆ ಕಹಿಯಾದರೂ ಎರಡು ಮಾತು ಹೇಳಲೇಬೇಕು.

ಮೊದಲನೆಯದು, ಯಾವುದು ಅನ್ಯಾಯ, ಯಾವುದಲ್ಲ ಎಂಬ ವಿವೇಕ. ಸರಕಾರದ ಸಹಾಯ ಪಡೆಯುವ ವಿದ್ಯಾಸಂಸ್ಥೆಯಲ್ಲಿ ಭಾಷೆಯ ಕಾರಣದಿಂದಲೇ ಒಬ್ಬನಿಗೆ ಪ್ರವೇಶ ನಿರಾಕರಿಸಬಾರದೆಂದು 29ನೆಯ ಅನುಚ್ಛೇದ ಹೇಳುತ್ತದೆ; ಹಾಗೆ ನಿರಾಕರಿಸಿದರೆ ಅದು ಅನ್ಯಾಯ. ಆದರೆ ಮಹಾರಾಷ್ಟ್ರದ ಶಾಲೆಯಲ್ಲಿ ಮರಾಠಿಯನ್ನೂ ಕಲಿಯಿರಿ ಎನ್ನುವುದು ಅನ್ಯಾಯವಲ್ಲ. ಗುಜರಾತಿ ಶಾಲೆಗಳ ಪರವಾಗಿ ಈ ಪ್ರಶ್ನೆ ಸುಪ್ರೀಮ್ ಕೋರ್ಟಿಗೆ ಹೋದಾಗ, 2004ರಲ್ಲಿ ನ್ಯಾಯಾಲಯ ರಾಜ್ಯದ ಮಾತನ್ನೇ ಎತ್ತಿ ಹಿಡಿಯಿತು. ಉಣ್ಣುವ ನೆಲದ ಮಾತನ್ನು ಕಲಿಯುವುದು ಶಿಕ್ಷೆಯಲ್ಲ, ಸೌಜನ್ಯ. ಅಲ್ಲದೆ ತಾಯಿನುಡಿ ಯಾವುದೆಂದು ಹೇಳುವವರು ಯಾರು ಎಂಬುದಕ್ಕೆ 2014ರಲ್ಲಿ ಕರ್ನಾಟಕದ ಮೊಕದ್ದಮೆಯಲ್ಲೇ ಉತ್ತರ ಬಂತು: ಮಗುವಿನ ತಂದೆತಾಯಿ ಅಥವಾ ಪೋಷಕರು. ಅಂದಮೇಲೆ ಕೀಲಿಕೈ ಇರುವುದು ಮನೆಯಲ್ಲೇ. ಹತ್ತರ ಲೆಕ್ಕ ತುಂಬಬೇಕಾದರೆ ಹತ್ತು ಮನೆಗಳು ಮನಸ್ಸು ಮಾಡಬೇಕು. ಇಂಗ್ಲಿಷ್ ಶಾಲೆಗೆ ಕಳಿಸುವುದು ಯಾರದೂ ಅಪರಾಧವಲ್ಲ. ಹೊಟ್ಟೆಪಾಡಿನ ಲೆಕ್ಕ ಪ್ರತಿಯೊಬ್ಬರಿಗೂ ಇದೆ. ಆದರೆ ಖಾಲಿ ಬೆಂಚುಗಳ ಪರವಾಗಿ ರಾಷ್ಟ್ರಪತಿಗಳಿಗೂ ವಾದಿಸಲಾಗದು. ಕನ್ನಡ ಮಾಧ್ಯಮ ಬೇಕೆನ್ನುವ ಹತ್ತು ಬಡ ಕುಟುಂಬಗಳು ಎಲ್ಲಿವೆಯೆಂದು ಹುಡುಕಿ, ಅವರ ಹೆಸರು ಬರೆದುಕೊಟ್ಟು, ಅವರ ಬೆನ್ನಿಗೆ ನಿಲ್ಲುವುದಾದರೂ ನಮ್ಮಿಂದಾಗಬೇಕು.

ಎರಡನೆಯದು, ಬೆಳಗಾವಿಯ ಮಾತು. ಈ ಕಮಿಷನರರ ಪ್ರಾದೇಶಿಕ ಕಚೇರಿಯೊಂದು ಕರ್ನಾಟಕದ ನೆಲದಲ್ಲೇ ಸ್ಥಾಪನೆಯಾದುದನ್ನು ನಾವು ನೆನಪಿಡಬೇಕು. 2011ರ ಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ತಾಯಿನುಡಿಯವರು ನೂರಕ್ಕೆ ಸುಮಾರು 66. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ ಮೊದಲಾದ ಮಾತಿನವರು. ಮುಂಬಯಿಯಲ್ಲಿ ನಮಗೆ ಹತ್ತು ಮಕ್ಕಳಿಗೊಬ್ಬ ಮಾಸ್ತರ ಬೇಕೆನ್ನುವ ನಿಯಮವೇ ಬೆಳಗಾವಿಯ ಮರಾಠಿ ಮಗುವಿಗೂ, ಕೋಲಾರದ ತೆಲುಗು ಮಗುವಿಗೂ ನಿಯಮ. ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಾಗಿ ಮಿಡಿಯುವ ಹೃದಯ ಖಾನಾಪುರದ ಮರಾಠಿ ಶಾಲೆಯ ಬಗ್ಗೆ ಕಲ್ಲಾದರೆ ನಮ್ಮ ಅರ್ಜಿಯ ಶಾಯಿಯೇ ತೆಳುವಾಗುತ್ತದೆ. 2002ರಲ್ಲಿ ಸುಪ್ರೀಮ್ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವು ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದಿತು. ಅದರ ತಾತ್ಪರ್ಯ ಸರಳ: ಈ ದೇಶದಲ್ಲಿ ರೈಲು ಹತ್ತಿ ಗಡಿ ದಾಟಿದ ಪ್ರತಿಯೊಬ್ಬನೂ ಒಂದು ರಾತ್ರಿಯಲ್ಲಿ ಅಲ್ಪಸಂಖ್ಯಾತನಾಗುತ್ತಾನೆ. ಈ ಸಂಗತಿ ಊರಿನಲ್ಲೇ ಉಳಿದವರಿಗಿಂತ ಹೊರನಾಡಿನವರಾದ ನಮಗೆ ಚೆನ್ನಾಗಿ ಗೊತ್ತು. ಆದುದರಿಂದ ಊರಿಗೆ ಹೋದಾಗ ಅದನ್ನು ನಾಲ್ಕು ಜನರಿಗೆ ತಿಳಿಸುವ ಹೊಣೆಯೂ ನಮ್ಮದೇ.

ಸಂಘದ ಕಾರ್ಯಕಾರಿ ಮಂಡಳಿಯವರಲ್ಲಿ ನನ್ನ ವಿನಂತಿ ಚಿಕ್ಕದು. ನಾಟಕದ ಟಿಕೀಟಿಗೆ, ಹಳದಿ-ಕುಂಕುಮಕ್ಕೆ, ಕ್ರಿಕೆಟ್ ಪಂದ್ಯಕ್ಕೆ ನಮ್ಮಲ್ಲಿ ಒಂದೊಂದು ವಹಿ ಉಂಟು. ಇನ್ನೊಂದು ವಹಿ ತೆರೆಯೋಣ. ಪ್ರತಿ ಏಪ್ರಿಲಿನಲ್ಲಿ ನಮ್ಮ ಸುತ್ತಮುತ್ತ ಶಾಲೆಗೆ ಹೋಗುವ ವಯಸ್ಸಿನ ಕನ್ನಡ ಮಕ್ಕಳೆಷ್ಟು, ಕನ್ನಡದಲ್ಲಿ ಓದಿಸಲು ಇಚ್ಛಿಸುವವರು ಯಾರು, ಯಾವ ಶಾಲೆಗೆ ಅರ್ಜಿ ಹೋಯಿತು, ಆವಕ ಸಂಖ್ಯೆ ಯಾವುದು ಎಂಬ ನಾಲ್ಕು ಅಂಕಣಗಳು ಸಾಕು. ಎಂಬತ್ತು ಪುಟದ ನೋಟುಬುಕ್ಕು, ಒಂದು ಪೆನ್ನು, ವರ್ಷಕ್ಕೆ ಎರಡು ಭಾನುವಾರ. ಅದನ್ನು ಬರೆಯುವ ಕೆಲಸಕ್ಕೆ ಗುಮಾಸ್ತನೊಬ್ಬ ಬೇಕಾದರೆ ಈ ಕಟ್ಟೆಯವನು ಸಿದ್ಧನಿದ್ದಾನೆ. ಮನೆಮನೆಗೆ ಹೋಗಿ ಕೇಳಲು ಮಾತ್ರ ಜತೆಗೆ ಇಬ್ಬರು ಬೇಕು. ಹೆಸರು ಕೊಡುವವರು ಕಾರ್ಯದರ್ಶಿಗಳಿಗೆ ತಿಳಿಸಿರಿ.